ಯೋಹಾನ್ ಹಾಲ್ವೋರ್ಸೆನ್: ಪಾಸಕಾಲಿಯಾ ಒಂದೇ ಅಲ್ಲ, ಉಳಿದದ್ದನ್ನೂ ಕೇಳೋಣ

ರಂಗದ ಕಿವಿ:
ನಾರ್ವೆಯ ಸಂಗೀತ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಎಡ್ವರ್ಡ್ ಗ್ರೀಗ್ ಹೆಸರು ಗೊತ್ತು. ಅಲ್ಲಿಗೆ ಮುಗಿಯಿತು. ನನಗೆ ಗ್ರೀಗ್‌ಗಿಂತ ಜಾಸ್ತಿ ಹತ್ತಿರವಾದವರು ಯೋಹಾನ್ ಹಾಲ್ವೋರ್ಸೆನ್. ಅವರ ಬಗ್ಗೆ ಕನ್ನಡದಲ್ಲಿ ಓದಲು ಏನೂ ಸಿಗದ ಕಾರಣ ನಾನೇ ಶುರು ಮಾಡುತ್ತಿದ್ದೇನೆ. ಗೊತ್ತಿರುವವರು ಸೇರಿಸಿ.

ಹಾಲ್ವೋರ್ಸೆನ್ ಹುಟ್ಟಿದ್ದು 1864ರ ಮಾರ್ಚ್‌ನಲ್ಲಿ, ಡ್ರಾಮೆನ್ ಅನ್ನುವ ಊರಲ್ಲಿ. ಚಿಕ್ಕಂದಿನಲ್ಲೇ ಪಿಟೀಲು ಕೈಗೆ ಬಂತು. ಊರಿನ ಬ್ಯಾಂಡಿನಲ್ಲಿ ನುಡಿಸಿದರು, ಆಮೇಲೆ ರಾಜಧಾನಿ ಕ್ರಿಸ್ಟಿಯಾನಿಯಾದ ನಾಟಕದ ಆರ್ಕೆಸ್ಟ್ರಾದಲ್ಲಿ ನುಡಿಸಿದರು. (ಈಗಿನ ಓಸ್ಲೋ ಅದು. ಹೆಸರು ಬದಲಾದದ್ದು 1925ರಲ್ಲಿ.) ಅಲ್ಲಿಂದ ಸ್ಟಾಕ್‌ಹೋಮ್‌ನಲ್ಲಿ ಓದು. ಬರ್ಗೆನ್ ಆರ್ಕೆಸ್ಟ್ರಾದಲ್ಲಿ ಮೊದಲ ಪಿಟೀಲುಗಾರನ ಕುರ್ಚಿ. ಮತ್ತೆ ಲೀಪ್ಜಿಗ್‌ನಲ್ಲಿ ಅಡಾಲ್ಫ್ ಬ್ರಾಡ್ಸ್ಕಿ ಹತ್ತಿರ ಪಾಠ. ಚೈಕೋವ್ಸ್ಕಿಯ ಪಿಟೀಲು ಕನ್ಸರ್ಟೋವನ್ನು (ಒಂಟಿ ಪಿಟೀಲು ಮುಂದೆ, ಆರ್ಕೆಸ್ಟ್ರಾ ಜೊತೆಗೆ ನುಡಿಸುವ ಕೃತಿ) 1881ರಲ್ಲಿ ಲೋಕಕ್ಕೆ ಮೊದಲು ಕೇಳಿಸಿದವರು ಇದೇ ಬ್ರಾಡ್ಸ್ಕಿ. ಆಮೇಲೆ ಸ್ಕಾಟ್ಲೆಂಡಿನ ಅಬರ್ಡೀನ್, ಅಲ್ಲಿಂದ ಹೆಲ್ಸಿಂಕಿಯಲ್ಲಿ ಮೇಷ್ಟ್ರ ಕೆಲಸ. ಹೊಟ್ಟೆಪಾಡಿಗಾಗಿ ಊರೂರು ಸುತ್ತಿದ ಪಿಟೀಲುಗಾರ ಅವರು.

1893ರಲ್ಲಿ ಬರ್ಗೆನ್‌ಗೆ ವಾಪಸ್ ಬಂದು ಅಲ್ಲಿನ ರಂಗಮಂದಿರದ ಆರ್ಕೆಸ್ಟ್ರಾ ನಿರ್ದೇಶಕರಾದರು. ಮರುವರ್ಷ ಮದುವೆ. ಹೆಂಡತಿ ಆನಿ, ಗ್ರೀಗ್ ಅವರ ಅಣ್ಣನ ಮಗಳು. 1899ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ ರಾಷ್ಟ್ರೀಯ ರಂಗಮಂದಿರ ಬಾಗಿಲು ತೆರೆದಾಗ ಅದರ ಆರ್ಕೆಸ್ಟ್ರಾ ಇವರ ಕೈಗೆ ಬಂತು. ಮುಂದಿನ 30 ವರ್ಷ ಅದೇ ಕೆಲಸ. 30ಕ್ಕೂ ಹೆಚ್ಚು ನಾಟಕಗಳಿಗೆ ಸಂಗೀತ ಬರೆದರು.

ನಾನು ಹೇಳಬೇಕಾದದ್ದು ಇಷ್ಟೇ. ಹಾಲ್ವೋರ್ಸೆನ್ ಅವರನ್ನು ಪುಸ್ತಕಗಳು ‘ಗ್ರೀಗ್ ನಂತರದವರು’ ಅಂತ ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ. ಅದು ಅನ್ಯಾಯ. ಗ್ರೀಗ್ ಮೂಲತಃ ಪಿಯಾನೋ ಮುಂದೆ ಕೂತು ಯೋಚಿಸಿದವರು. ಇವರು ರಂಗದ ಕೆಳಗೆ ನಿಂತು, ದಿನಾ ಸಂಜೆ ಆರ್ಕೆಸ್ಟ್ರಾದ ನಡುವೆ ಬದುಕಿದವರು. ಇವರ ಸಂಗೀತವನ್ನು ಆ ಕೆಲಸದ ಬೆಳಕಲ್ಲಿ ಕೇಳಬೇಕು.

ವಯೋಲಾ ಕಲಿಕೆ:
ಸರ್, ಒಳ್ಳೆಯ ಕೆಲಸ ಮಾಡಿದಿರಿ. ನಾನು ಪಾಶ್ಚಾತ್ಯ ಪದ್ಧತಿಯ ವಯೋಲಾ ನುಡಿಸುತ್ತೇನೆ, ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು. ವಯೋಲಾದವರ ಪಾಲಿಗೆ ಹಾಲ್ವೋರ್ಸೆನ್ ದೊಡ್ಡ ಉಪಕಾರಿ. ನಮಗೆ ಆರ್ಕೆಸ್ಟ್ರಾದಲ್ಲಿ ಸಾಮಾನ್ಯವಾಗಿ ನಡುವೆ ತುಂಬುವ ಸ್ವರಗಳೇ ಗತಿ. ಅವರು ಪಿಟೀಲು–ವಯೋಲಾ ಜೋಡಿಗೆ ಬರೆದ ಪಾಸಕಾಲಿಯಾದಲ್ಲಿ ಮಾತ್ರ ಪಿಟೀಲಿಗೆ ಸರಿಸಮನಾಗಿ ನಿಲ್ಲುತ್ತೇವೆ.

ಮೂಲ ಹದಿನೆಂಟನೇ ಶತಮಾನದ ಸಂಗೀತಗಾರ ಹ್ಯಾಂಡೆಲ್ ಅವರದು. 1720ರಲ್ಲಿ ಅಚ್ಚಾದ ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೇ ಕೀಲಿ ವಾದ್ಯ) ಸೂಟ್‌ಗಳಲ್ಲಿ, ಅಂದರೆ ಬಿಡಿ ಭಾಗಗಳ ಮಾಲೆಗಳಲ್ಲಿ, ಏಳನೆಯದರ ಕೊನೆಯ ಭಾಗ, ಜಿ ಮೈನರ್‌ನಲ್ಲಿ ಇದೆ. ನಾಲ್ಕೇ ನಾಲ್ಕು ಅಳತೆಯ (ತಾಳದ ಆವರ್ತದ ಹಾಗೆ) ಒಂದು ಸುತ್ತು. ಅದು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಮೇಲಿನ ಅಲಂಕಾರ ಬೇರೆ. 1890ರ ದಶಕದಲ್ಲಿ ಹಾಲ್ವೋರ್ಸೆನ್ ಅದನ್ನು ಪಿಟೀಲು ಮತ್ತು ವಯೋಲಾಗೆ ಬರೆದರು. ಶುರುವಿನಲ್ಲಿ ಹ್ಯಾಂಡೆಲ್ ಕೈ ಹಿಡಿದೇ ನಡೆಯುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ಬಿಟ್ಟು ತಮ್ಮ ದಾರಿ ಹಿಡಿಯುತ್ತಾರೆ. ಒಂದು ಕಡೆ ಬೆರಳಲ್ಲಿ ಮೀಟುವುದು, ಇನ್ನೊಂದು ಕಡೆ ತಂತಿ ಹೊತ್ತ ಕುದುರೆಯ ಪಕ್ಕದಲ್ಲೇ ಕಮಾನು ಹಾಕಿ ಸೀಳು ದನಿ ತೆಗೆಯುವುದು, ಮತ್ತೊಂದು ಕಡೆ ಕಮಾನು ತಂತಿಯ ಮೇಲೆ ಪುಟಿಯುವುದು. ಇಬ್ಬರೂ ಎರಡೆರಡು ತಂತಿ ಒಟ್ಟಿಗೆ ನುಡಿಸುವ ಜಾಗಗಳಲ್ಲಿ ಕಣ್ಣು ಮುಚ್ಚಿ ಕೇಳಿ. ನಾಲ್ಕು ಜನ ನುಡಿಸುತ್ತಿದ್ದಾರೆ ಅನ್ನಿಸುತ್ತದೆ.

ಪಿಟೀಲುಗಾರನೇ ಬರೆದದ್ದು ಅಂತ ಬೆರಳಿಗೆ ಗೊತ್ತಾಗುತ್ತದೆ. ಕಷ್ಟ ಇದೆ, ಆದರೆ ಕೈಗೆ ವಿರುದ್ಧವಾಗಿ ಒಂದು ಸ್ವರವೂ ಇಲ್ಲ. ಪಿಟೀಲಿನ ಹೈಫೆಟ್ಸ್ ಮತ್ತು ವಯೋಲಾದ ಪ್ರಿಮ್‌ರೋಸ್ 1941ರಲ್ಲಿ ಧ್ವನಿಮುದ್ರಣ ಮಾಡಿದ್ದು ಇವತ್ತಿಗೂ ನನಗೆ ಮೊದಲನೆಯದು. ವೇಗ ವಿಪರೀತ ಜಾಸ್ತಿ. ಆದರೂ ಇಬ್ಬರ ಉಸಿರು ಒಂದೇ.

ಹೊಸ ಕೇಳುಗ:
ಮೇಡಂ, ಒಂದು ಪ್ರಶ್ನೆ. ನನ್ನ ಮಗಳು ಕೀಬೋರ್ಡಿನಲ್ಲಿ ‘ಹ್ಯಾಂಡೆಲ್–ಹಾಲ್ವೋರ್ಸೆನ್ ಪಾಸಕಾಲಿಯಾ’ ನುಡಿಸುತ್ತಾಳೆ. ತುಂಬಾ ಸುಲಭವಾಗಿದೆ. ಯೂಟ್ಯೂಬಿನಲ್ಲೂ ಅದೇ ಹೆಸರಲ್ಲಿ ಬೇಕಾದಷ್ಟು ಸಿಗುತ್ತದೆ. ನೀವು ಹೇಳುವ ಕಷ್ಟ ಅದರಲ್ಲಿ ಕಾಣಲಿಲ್ಲ.

ವಯೋಲಾ ಕಲಿಕೆ:
ಅದು ಈಚಿನ ಕಾಲದಲ್ಲಿ ಯಾರೋ ಪಿಯಾನೋಗೆ ಹೊಂದಿಸಿದ್ದು. ಹ್ಯಾಂಡೆಲ್‌ನ ಸ್ವರಗುಚ್ಛಗಳ ಸಾಲು ಮಾತ್ರ ಅದರಲ್ಲಿ ಉಳಿದಿದೆ. ಹಾಲ್ವೋರ್ಸೆನ್ ಪಾಸಕಾಲಿಯಾ ಬರೆದದ್ದು ಪಿಟೀಲು ಮತ್ತು ವಯೋಲಾಗೆ. ಮಗಳಿಗೆ ಖುಷಿಯಾಗುತ್ತಿದ್ದರೆ ನುಡಿಸಲಿ, ಅದರಲ್ಲಿ ತಪ್ಪೇನಿಲ್ಲ. ಜೊತೆಗೆ ಮೂಲವನ್ನೂ ಕೇಳಿಸಿ. ಎಂಟು ನಿಮಿಷಕ್ಕಿಂತ ಕಡಿಮೆ, ಮಕ್ಕಳು ಕೂತು ಕೇಳುತ್ತಾರೆ. ಇದೇ ಜೋಡಿ ವಾದ್ಯಗಳಿಗೆ ಹ್ಯಾಂಡೆಲ್‌ನ ಸರಬಾಂಡ್ (ನಿಧಾನ ಕುಣಿತದ ಧಾಟಿ) ಒಂದನ್ನೂ ಹಾಲ್ವೋರ್ಸೆನ್ ಬೆಳೆಸಿದ್ದಾರೆ. ಅದನ್ನು ಯಾರೂ ಅಷ್ಟಾಗಿ ನುಡಿಸುವುದಿಲ್ಲ. ನನಗೆ ಅದೂ ಇಷ್ಟ.

ಸಿಂಫನಿ ಓದುಗ:
ಎಲ್ಲರ ಪ್ರೀತಿಗೂ ಗೌರವ ಇಟ್ಟುಕೊಂಡೇ ಒಂದು ಮಾತು. ಹಾಲ್ವೋರ್ಸೆನ್ ಮೂರು ಸಿಂಫನಿ (ಪೂರ್ತಿ ಆರ್ಕೆಸ್ಟ್ರಾಗೆ ಬರೆಯುವ ದೊಡ್ಡ ಕೃತಿ) ಬರೆದಿದ್ದಾರೆ. ಮೊದಲನೆಯದು 1923, ಎರಡನೆಯದು 1924, ಮೂರನೆಯದು 1929. ಮೂರನ್ನೂ ಗಮನ ಕೊಟ್ಟು ಕೇಳಿದ್ದೇನೆ. ಚೆನ್ನಾಗಿವೆ. ಆದರೆ 1880ರಲ್ಲಿ ಬರೆದದ್ದು ಅಂದರೂ ನಂಬಬಹುದು. ಫಿನ್ಲೆಂಡಿನ ಸಿಬೇಲಿಯಸ್ ಮತ್ತು ಡೆನ್ಮಾರ್ಕಿನ ಕಾರ್ಲ್ ನೀಲ್ಸನ್ ಇಬ್ಬರೂ ಹುಟ್ಟಿದ್ದು 1865ರಲ್ಲಿ, ಅಂದರೆ ಇವರಿಗಿಂತ ಒಂದೇ ವರ್ಷ ಚಿಕ್ಕವರು. ನೀಲ್ಸನ್‌ರ ಐದನೆಯ ಸಿಂಫನಿ 1922ರದ್ದು. ಅದರ ಪಕ್ಕದಲ್ಲಿ ಹಾಲ್ವೋರ್ಸೆನ್ ಸಿಂಫನಿ ಇಟ್ಟರೆ ಬೇರೆ ಶತಮಾನದ್ದು ಅನ್ನಿಸುತ್ತದೆ. ಕೈಚಳಕ ಇದೆ, ಹೊಸ ದಾರಿ ಇಲ್ಲ. ನಾವು ಪ್ರೀತಿಸುವವರನ್ನೆಲ್ಲ ದೊಡ್ಡವರು ಅಂತ ಸಾಧಿಸಬೇಕಾ?

ರಂಗದ ಕಿವಿ:
ಕಾಲದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆ ಸಿಂಫನಿಗಳು ನಾರ್ವೆಯ ಹಿಂದಿನ ಪೀಳಿಗೆಯ ಸ್ವೆಂಡ್‌ಸೆನ್ ಮತ್ತು ಗ್ರೀಗ್ ಕಾಲದ ಭಾಷೆಯಲ್ಲೇ ಇವೆ. ಆದರೆ ಮೊದಲ ಸಿಂಫನಿ ಬರೆಯುವಾಗ ಅವರಿಗೆ 59 ವರ್ಷ ಅನ್ನುವುದನ್ನು ನೆನಪಿಡಿ. ಅಲ್ಲಿಯವರೆಗೆ ಪುರುಸೊತ್ತು ಎಲ್ಲಿತ್ತು?

ಆ ಕೆಲಸ ಹೇಗಿತ್ತು ನೋಡಿ. ರಾಷ್ಟ್ರೀಯ ರಂಗಮಂದಿರದ ಆರ್ಕೆಸ್ಟ್ರಾದಲ್ಲಿ ನಲವತ್ತಕ್ಕೂ ಹೆಚ್ಚು ವಾದಕರು. ಆಗಿನ ನಾರ್ವೆಯಲ್ಲಿ ಸಂಬಳಕ್ಕೆ ನುಡಿಸುವ ಅಷ್ಟು ದೊಡ್ಡ ತಂಡ ಬೇರೆ ಇರಲಿಲ್ಲ. ನಾಟಕಕ್ಕೆ ಮುನ್ನ ಸಂಗೀತ, ಅಂಕಗಳ ನಡುವೆ ಸಂಗೀತ, ಮಾತಿನ ಕೆಳಗೆ ಸಂಗೀತ, ಕುಣಿತ, ಹಾಡು, ಮೆರವಣಿಗೆ. ಅದೇ ತಂಡ ಅದೇ ಕಟ್ಟಡದಲ್ಲಿ ಆಪೆರಾ ನುಡಿಸಬೇಕು, ಸಿಂಫನಿ ಕಚೇರಿಯನ್ನೂ ಕೊಡಬೇಕು. ನಟ ಒಂದು ಸಾಲು ಎಳೆದರೆ ಸಂಗೀತವೂ ಎಳೆಯಬೇಕು. ಬಾಗಿಲು ತೆಗೆಯುವುದು ತಡವಾದರೆ ಎರಡು ಅಳತೆ ಜಾಸ್ತಿ ನುಡಿಸಬೇಕು. ಹೊಸ ನಾಟಕ ಬಂದರೆ ಇರುವ ದಿನಗಳಲ್ಲಿ ಹೊಸ ಸಂಗೀತ ಬರೆದು ಕೊಡಬೇಕು.

ಇಂಥ ಕೆಲಸ ಮಾಡುವವನಿಗೆ ಒಂದು ವಿದ್ಯೆ ಬರುತ್ತದೆ. ಎಂಟು ಅಳತೆಯೊಳಗೆ ಒಂದು ಜಾಗ, ಒಂದು ಹೊತ್ತು, ಒಂದು ಮನಸ್ಥಿತಿ ತಂದು ನಿಲ್ಲಿಸುವುದು. ‘ಬೋಯಾರರ ಪ್ರವೇಶ’ ಮೆರವಣಿಗೆ ಕೇಳಿ. ರುಮೇನಿಯಾದ ಬುಖಾರೆಸ್ಟ್‌ನಿಂದ ಕೆಲಸಕ್ಕೆ ಕರೆ ಬಂದಿದ್ದ ಹೊತ್ತಲ್ಲಿ, ಆ ಊರಿನ ಹಳೇ ಸಿರಿವಂತರ ಮೆರವಣಿಗೆಯ ಬಗ್ಗೆ ಓದಿ ಬರೆದದ್ದು. ಅಲ್ಲಿಗೆ ಅವರು ಕೆಲಸಕ್ಕೆ ಹೋಗಲಿಲ್ಲ, ಸಂಗೀತ ಮಾತ್ರ ಎಲ್ಲ ಕಡೆ ಹೋಯಿತು. ಕ್ಲಾರಿನೆಟ್ ದೂರದಿಂದ ಬರುತ್ತದೆ, ಆಮೇಲೆ ಒಬ್ಬೊಬ್ಬರಾಗಿ ಸೇರುತ್ತಾರೆ. ಒಂದು ಅಲಂಕಾರವೂ ದಂಡವಿಲ್ಲ.

1922ರ ‘ಮಸ್ಕರಾದೆ’ ಕೂಡ ಹಾಗೆಯೇ. ಹೋಲ್ಬೆರ್ಗ್‌ನ ಹದಿನೆಂಟನೇ ಶತಮಾನದ ಹಾಸ್ಯ ನಾಟಕಕ್ಕೆ ಬರೆದದ್ದು. ಹಳೇ ಕಾಲದ ಕುಣಿತಗಳ ರೂಪ ಇಟ್ಟುಕೊಂಡು ಎಷ್ಟು ಹಗುರವಾಗಿ ಬರೆದಿದ್ದಾರೆ! ನಮ್ಮ ಬಿ.ವಿ. ಕಾರಂತರ ರಂಗಸಂಗೀತವನ್ನು ನಾವು ‘ಅದು ನಾಟಕಕ್ಕೆ ಮಾಡಿದ್ದು’ ಅಂತ ಕೆಳಗೆ ಇಡುತ್ತೇವಾ? ಇಲ್ಲ. ಅದರ ಜಾಣತನವೇ ಅಲ್ಲಿದೆ ಅನ್ನುತ್ತೇವೆ. ಇಲ್ಲೂ ಹಾಗೆ ನೋಡಬೇಕು ಅನ್ನುವುದು ನನ್ನ ವಾದ. ದೊಡ್ಡವರು ಅಂತ ಸಾಧಿಸುವ ಹಟ ನನಗಿಲ್ಲ. ಸರಿಯಾದ ಜಾಗದಲ್ಲಿ ಅಳೆಯಿರಿ ಅಂತ ಕೇಳುತ್ತಿದ್ದೇನೆ.

ಧಾರವಾಡ ಸಿತಾರ್:
ಒಂದು ಮುಖ್ಯ ಸಂಗತಿ ಯಾರೂ ಎತ್ತಲಿಲ್ಲ ನೋಡ್ರಿ. ಹಾರ್ಡಂಗರ್ ಪಿಟೀಲು. ನಾನು ಹಾಲ್ವೋರ್ಸೆನ್ ಅವರನ್ನು ಕಂಡುಕೊಂಡದ್ದೇ ಈ ದಾರಿಯಿಂದ.

ನಾರ್ವೆಯ ಹಳ್ಳಿಗಳ ಪಿಟೀಲು ಅದು. ಮೇಲೆ ನಾಲ್ಕು ತಂತಿ, ಅವುಗಳ ಕೆಳಗೆ ಇನ್ನೂ ನಾಲ್ಕೋ ಐದೋ ತಂತಿ. ಕೆಳಗಿನವನ್ನು ಯಾರೂ ಮುಟ್ಟುವುದಿಲ್ಲ. ಮೇಲಿನ ಸ್ವರಕ್ಕೆ ತಾವೇ ಮಿಡಿಯುತ್ತವೆ. ಸಿತಾರಿನ, ಸಾರಂಗಿಯ ತರಬ್ ತಂತಿಗಳ ಕೆಲಸವೇ ಇದು. ಕುದುರೆ ಚಪ್ಪಟೆಯಾಗಿರುವುದರಿಂದ ಎರಡು ತಂತಿ ಒಟ್ಟಿಗೆ ನುಡಿಸುವುದು ಸಲೀಸು. ಮೈತುಂಬ ಮುತ್ತಿನ ಚಿಪ್ಪಿನ ಕೆಲಸ, ತಲೆಯ ಜಾಗದಲ್ಲಿ ಎಷ್ಟೋ ಸಲ ಸಿಂಹದ ಮುಖ.

ಟೆಲೆಮಾರ್ಕ್ ಪ್ರಾಂತದಲ್ಲಿ ಕ್ನುಟ್ ದಾಲೆ ಅನ್ನುವ ವಾದಕ ಇದ್ದರು. ಮಿಲ್ಲರ್‌ಗುಟನ್ ಎಂದು ಹೆಸರಾದ ಹಳೇ ವಾದಕರಿಂದ ಬಂದ ಕುಣಿತದ ಧಾಟಿಗಳು ಇವರ ಹತ್ತಿರ ಇದ್ದವು. ಬಾಯಿಂದ ಕಿವಿಗೆ, ಕಿವಿಯಿಂದ ಕೈಗೆ ಬಂದದ್ದು, ಕಾಗದದ ಮೇಲೆ ಇಲ್ಲ. ತಾನು ಹೋದರೆ ಇವೂ ಹೋಗುತ್ತವೆ ಅನ್ನುವ ಚಿಂತೆಯಿಂದ ಗ್ರೀಗ್‌ಗೆ ಪತ್ರ ಬರೆದರು. ಮೊದಲ ಪತ್ರ ಹೋದದ್ದು 1888ರಲ್ಲಿ. ಕೆಲಸ ಆದದ್ದು 1901ರಲ್ಲಿ. ಆಗ ದಾಲೆಗೆ ಅರವತ್ತೈದು ದಾಟಿತ್ತು. ಗ್ರೀಗ್ ಪಿಟೀಲುಗಾರರಲ್ಲ. ಆದ್ದರಿಂದ ಹಾಲ್ವೋರ್ಸೆನ್ ಅವರನ್ನು ಕೇಳಿಕೊಂಡರು. ದಾಲೆ ಕ್ರಿಸ್ಟಿಯಾನಿಯಾಕ್ಕೆ ಬಂದು ನುಡಿಸಿದರು, ಹಾಲ್ವೋರ್ಸೆನ್ ಕೂತು 17 ಧಾಟಿ ಬರೆದುಕೊಂಡರು.

ಇದು ಸುಮ್ನೆ ಬರೆದುಕೊಳ್ಳುವ ಕೆಲಸ ಅಂತ ತಿಳಿಯಬೇಡಿ. ಗಮಕ ತುಂಬಿದ ವಾದನವನ್ನು ಕೇಳುತ್ತಾ ಸ್ವರಲಿಪಿಗೆ ಇಳಿಸಿ ನೋಡಿದವರಿಗೆ ಅದರ ಕಷ್ಟ ಗೊತ್ತು. ತಾಳದ ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದೇ ಕೈಗೆ ಸಿಗುವುದಿಲ್ಲ. ಆ ಬರಹದ ಮೇಲೆ ಗ್ರೀಗ್ ಪಿಯಾನೋಗೆ ಮಾಡಿದ್ದೇ ಓಪಸ್ (ಕೃತಿ ಸಂಖ್ಯೆ) 72, ‘ಸ್ಲೋಟರ್’. 1903ರಲ್ಲಿ ಅಚ್ಚಾಯಿತು. ಹಾಲ್ವೋರ್ಸೆನ್ ಬರೆದುಕೊಂಡ ಪಿಟೀಲು ರೂಪವೂ ಆಗಲೇ ಬಂತು. ಗ್ರೀಗ್ ಅವರ ಪಿಯಾನೋ ಕೃತಿಗಳಲ್ಲಿ ಇಪ್ಪತ್ತನೇ ಶತಮಾನಕ್ಕೆ ಬಾಗಿಲು ತೆರೆದದ್ದು ಇದೇ ಅನ್ನುವುದು ನನ್ನ ಅನಿಸಿಕೆ. ಬೇರು ಮಾತ್ರ ದಾಲೆಯ ಬೆರಳಲ್ಲಿ ಮತ್ತು ಹಾಲ್ವೋರ್ಸೆನ್ ಕಿವಿಯಲ್ಲಿ.

ಹಾಲ್ವೋರ್ಸೆನ್ ಅಷ್ಟಕ್ಕೆ ನಿಲ್ಲಲಿಲ್ಲ. ಆ ವಾದ್ಯವನ್ನು ತಾವೇ ಕಲಿತರು. ‘ಫೊಸ್ಸೆಗ್ರಿಮನ್’ ನಾಟಕಕ್ಕೆ ಸಂಗೀತ ಬರೆದಾಗ ಆರ್ಕೆಸ್ಟ್ರಾ ಜೊತೆ ಹಾರ್ಡಂಗರ್ ಪಿಟೀಲನ್ನು ಕೂರಿಸಿದರು. ನುಡಿಸಿದ್ದೂ ಅವರೇ. ಹಳ್ಳಿಯ ವಾದ್ಯಕ್ಕೆ ರಾಜಧಾನಿಯ ರಂಗಮಂದಿರದಲ್ಲಿ ಕುರ್ಚಿ ಹಾಕಿಕೊಟ್ಟದ್ದು ಸಣ್ಣ ಮಾತಲ್ಲ.

ಹೊಸ ಕೇಳುಗ:
ಫೊಸ್ಸೆಗ್ರಿಮ್ ಅಂದರೆ ಯಾರು ಸರ್?

ಧಾರವಾಡ ಸಿತಾರ್:
ಜಲಪಾತದಲ್ಲಿ ಇರುವ ಪಿಟೀಲುಗಾರ ಭೂತ. ಗುರುವಾರ ಸಂಜೆ ಉತ್ತರಕ್ಕೆ ಹರಿಯುವ ಜಲಪಾತಕ್ಕೆ ಹೋಗಿ ಮಾಂಸ ಅರ್ಪಿಸಿದರೆ ವಿದ್ಯೆ ಹೇಳಿಕೊಡುತ್ತಾನೆ ಅಂತ ಅಲ್ಲಿನ ಜನರ ಕಥೆ. ಕೊಟ್ಟದ್ದು ಕಡಿಮೆಯಾದರೆ ಶ್ರುತಿ ಮಾಡುವುದನ್ನಷ್ಟೇ ಕಲಿಸಿ ಕಳಿಸುತ್ತಾನೆ. ತೃಪ್ತಿಯಾದರೆ ಶಿಷ್ಯನ ಬೆರಳು ಹಿಡಿದು ರಕ್ತ ಬರುವ ತನಕ ತಂತಿಯ ಮೇಲೆ ಎಳೆಯುತ್ತಾನಂತೆ. ಆಮೇಲೆ ಅವನು ನುಡಿಸಿದರೆ ಮರಗಳೂ ಕುಣಿಯುತ್ತವೆ. ಹಾಲ್ವೋರ್ಸೆನ್ ಈ ಸೂಟ್‌ನಲ್ಲಿ ಆ ಭೂತಕ್ಕೆ ಕೊಟ್ಟ ಕುಣಿತ ಕೇಳ್ರಿ, ಮೈ ಜುಮ್ಮೆನ್ನುತ್ತದೆ.

ಹವ್ಯಾಸಿ ನಟಿ:
ನಾನು ರಂಗಭೂಮಿಯವಳು, ಪಾಶ್ಚಾತ್ಯ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಹಾಲ್ವೋರ್ಸೆನ್ ಕೃತಿಗಳ ಪಟ್ಟಿ ನೋಡುವಾಗ ‘ವಸಂತಸೇನಾ’ ಅನ್ನುವ ಹೆಸರು ಕಂಡು ನಿಂತುಬಿಟ್ಟೆ. ಇದು ನಮ್ಮ ಶೂದ್ರಕನ ವಸಂತಸೇನೆಯೇನಾ?

ರಂಗದ ಕಿವಿ:
ಹೌದು ಮೇಡಂ, ಅವಳೇ! ಮೃಚ್ಛಕಟಿಕ ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಭಾಷೆಗಳಿಗೆ ಹೋಯಿತು. ಜರ್ಮನ್ ರೂಪಾಂತರಗಳು ಅಲ್ಲಿನ ರಂಗಮಂದಿರಗಳಲ್ಲಿ ಓಡಿದವು. ಹಾಲ್ವೋರ್ಸೆನ್ ಬರ್ಗೆನ್‌ನಲ್ಲಿದ್ದಾಗ, 1896ರ ಹೊತ್ತಿಗೆ, ಆ ನಾಟಕಕ್ಕೆ ಸಂಗೀತ ಬರೆದರು. ಅದರಿಂದ ಆರ್ಕೆಸ್ಟ್ರಾ ಸೂಟ್ ಕೂಡ ಮಾಡಿದರು. ನಾಟಕ ಸಂಗೀತದ ದಾರಿಯಲ್ಲಿ ಅವರು ಇಟ್ಟ ಮೊದಮೊದಲ ಹೆಜ್ಜೆಗಳಲ್ಲಿ ಇದೊಂದು.

ಉಜ್ಜಯಿನಿಯ ಗಣಿಕೆ, ಬಡವನಾದ ಚಾರುದತ್ತ, ಒಡವೆ ತುಂಬಿದ ಮಣ್ಣಿನ ಬಂಡಿ. ಇದೆಲ್ಲ ಮಳೆ ಸುರಿಯುವ ಬರ್ಗೆನ್ ಊರಿನ ಜನರ ಮುಂದೆ ಬಂತು ಅನ್ನುವುದೇ ನನಗೆ ಬಹಳ ಸಂತೋಷದ ವಿಷಯ. ಮಳೆಯಲ್ಲಿ ನೆನೆದು ಚಾರುದತ್ತನ ಮನೆಗೆ ಬರುವ ವಸಂತಸೇನೆಯನ್ನು ಆ ಊರಿನವರಿಗಿಂತ ಚೆನ್ನಾಗಿ ಯಾರು ಅರ್ಥ ಮಾಡಿಕೊಂಡಾರು!

ಕೇಳುವಾಗ ನಮ್ಮ ರಾಗಗಳನ್ನು ಹುಡುಕಿಕೊಂಡು ಹೋಗಬೇಡಿ. ಆಗಿನ ಯುರೋಪಿನವರು ಪೂರ್ವದೇಶವನ್ನು ಹೇಗೆ ಕಲ್ಪಿಸಿಕೊಂಡಿದ್ದರೋ ಆ ಬಣ್ಣಗಳೇ ಅದರಲ್ಲಿವೆ.

ಹವ್ಯಾಸಿ ನಟಿ:
ತುಂಬಾ ಥ್ಯಾಂಕ್ಸ್ ಸರ್. ಕೇಳಿದೆ. ರಾಗ ಇಲ್ಲದಿದ್ದರೂ ಪಾತ್ರ ಇದೆ. ರಂಗದ ಮೇಲೆ ಯಾರೋ ನಡೆದು ಬರುತ್ತಿದ್ದಾರೆ ಅಂತ ಸಂಗೀತವೇ ಹೇಳುತ್ತದೆ. ನಟರಿಗೆ ಬೇಕಾದದ್ದು ಅದೇ.

ಓಸ್ಲೋ ಕನ್ನಡತಿ:
ಇಲ್ಲೇ ಇರುವವಳಾಗಿ ನಾನೂ ಒಂದೆರಡು ಮಾತು ಸೇರಿಸುತ್ತೇನೆ. ರಾಷ್ಟ್ರೀಯ ರಂಗಮಂದಿರ ಇರುವುದು ಕಾರ್ಲ್ ಯೋಹಾನ್ ಬೀದಿಯಲ್ಲಿ, ಅರಮನೆಗೂ ಸಂಸತ್ತಿಗೂ ನಡುವೆ. ಕಟ್ಟಡದ ಮುಂದೆ ಇಬ್ಸೆನ್ ಮತ್ತು ಬ್ಯೋರ್ನ್‌ಸನ್ ಪ್ರತಿಮೆಗಳಿವೆ. ಮುಂಗೋಡೆಯ ಮೇಲೆ ಹೋಲ್ಬೆರ್ಗ್, ಇಬ್ಸೆನ್, ಬ್ಯೋರ್ನ್‌ಸನ್ ಅಂತ ಮೂರು ಹೆಸರು ಕೆತ್ತಿದ್ದಾರೆ. ಮೂವರೂ ನಾಟಕಕಾರರು. ಮೂವತ್ತು ವರ್ಷ ಅಲ್ಲಿ ಸಂಗೀತ ಕೊಟ್ಟವರ ಹೆಸರು ಆ ಗೋಡೆಯ ಮೇಲಿಲ್ಲ.

ಆದರೆ ಮನೆತನದ ನಂಟು ಆ ಕಟ್ಟಡದಲ್ಲಿ ಬಹಳ ಕಾಲ ಉಳಿಯಿತು. ಮಗ ಸ್ಟೈನ್ ಗ್ರೀಗ್ ಹಾಲ್ವೋರ್ಸೆನ್ ಅದೇ ರಂಗಮಂದಿರದಲ್ಲಿ ನಟರಾದರು. 1909ರಲ್ಲಿ ಹುಟ್ಟಿದ ಅವರು 2013ರವರೆಗೆ ಬದುಕಿದ್ದರು.

ಗ್ರೀಗ್ ಶವಯಾತ್ರೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಗ್ರೀಗ್ ತೀರಿಕೊಂಡದ್ದು 1907ರ ಸೆಪ್ಟೆಂಬರ್ 4ರಂದು, ಬರ್ಗೆನ್‌ನಲ್ಲಿ. ಶವಯಾತ್ರೆಯ ದಿನ ಸಾವಿರಾರು ಜನ ಬೀದಿಯಲ್ಲಿ ನಿಂತಿದ್ದರು. ಸಣ್ಣ ವಯಸ್ಸಿನಲ್ಲೇ ಹೋದ ಗೆಳೆಯ ನೂರ್‌ಡ್ರೋಕ್ ನೆನಪಿಗೆ ಗ್ರೀಗ್ ಎಷ್ಟೋ ವರ್ಷದ ಹಿಂದೆ ಒಂದು ಶೋಕಗೀತೆ ಬರೆದಿದ್ದರು. ಅದನ್ನು ಆರ್ಕೆಸ್ಟ್ರಾಗೆ ಹೊಂದಿಸಿ ಆ ದಿನ ನುಡಿಸಿದವರು ಹಾಲ್ವೋರ್ಸೆನ್. ಹೆಂಡತಿಯ ಚಿಕ್ಕಪ್ಪನಿಗೆ, ತನ್ನನ್ನು ನಂಬಿದ ಹಿರಿಯನಿಗೆ ಮಾಡಿದ ಕೊನೆಯ ಕೆಲಸ.

ವಯೋಲಾ ಕಲಿಕೆ:
ಕಳೆದುಹೋದ ಕನ್ಸರ್ಟೋ ಬಗ್ಗೆ ನಾನು ಹೇಳದೆ ಇರಲಾರೆ.

1909ರಲ್ಲಿ ಹಾಲ್ವೋರ್ಸೆನ್ ಅವರ ಪಿಟೀಲು ಕನ್ಸರ್ಟೋ ಹೊರಬಂತು, ಓಪಸ್ 28. ನುಡಿಸಿದವರು ಕ್ಯಾಥ್ಲೀನ್ ಪಾರ್ಲೋ, ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಹುಡುಗಿ. ಆಗ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಲಿಯೊಪೋಲ್ಡ್ ಆವರ್ ಹತ್ತಿರ ಕಲಿತವರು. ಹಾಲ್ವೋರ್ಸೆನ್ ಕೃತಿಯನ್ನು ಅವರಿಗೇ ಅರ್ಪಿಸಿದರು. ಆ ವರ್ಷ ಕೆಲವೇ ಸಲ ನುಡಿಸಿದ್ದು. ಆಮೇಲೆ ಅದರ ಸುದ್ದಿಯೇ ಇಲ್ಲ. ರಂಗಮಂದಿರದಿಂದ ನಿವೃತ್ತರಾದ ಮೇಲೆ ಹಾಲ್ವೋರ್ಸೆನ್ ತಮ್ಮ ಪ್ರತಿಯನ್ನು ಸುಟ್ಟುಹಾಕಿಸಿದರು ಅಂತಲೇ ಎಲ್ಲರೂ ನಂಬಿದ್ದರು. 1935ರಲ್ಲಿ ಅವರು ತೀರಿಕೊಂಡರು.

2015ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಸಂಗೀತ ಗ್ರಂಥಾಲಯದಲ್ಲಿ ಪಾರ್ಲೋ ಬಿಟ್ಟುಹೋದ ಕಾಗದಪತ್ರಗಳ ಮಧ್ಯೆ ಆ ಸ್ವರಲಿಪಿ ಸಿಕ್ಕಿತು. ಪಾರ್ಲೋ 1963ರಲ್ಲೇ ತೀರಿಕೊಂಡಿದ್ದರು. ಬರೆದವರು ಬೇಡ ಅಂದದ್ದನ್ನು ನುಡಿಸಿದವರು ಕೊನೆಯವರೆಗೂ ಜೋಪಾನ ಮಾಡಿದ್ದರು. 2016ರಲ್ಲಿ ನಾರ್ವೆಯ ಹೆನಿಂಗ್ ಕ್ರಾಗರೂಡ್ ಅದನ್ನು ಮತ್ತೆ ಜನರ ಮುಂದೆ ನುಡಿಸಿದರು, ಆಮೇಲೆ ಧ್ವನಿಮುದ್ರಣವೂ ಬಂತು.

ನಾನು ಅದನ್ನು ತುಂಬಾ ಸಲ ಕೇಳಿದ್ದೇನೆ. ಮೊದಲ ಭಾಗಕ್ಕಿಂತ ಕೊನೆಯ ಭಾಗ ನನಗೆ ಇಷ್ಟ. ಅಲ್ಲಿ ಹಳ್ಳಿಯ ಕುಣಿತ ಎದ್ದು ಬರುತ್ತದೆ. ಕನ್ಸರ್ಟೋದ ಪಿಟೀಲು ಹಾರ್ಡಂಗರ್ ಪಿಟೀಲಿನ ಹಾಗೆ ಮಾತಾಡುತ್ತದೆ. ಧಾರವಾಡದ ಸರ್ ಹೇಳಿದ 1901ರ ಆ ಕೆಲಸ ಇದರಲ್ಲಿ ಕೇಳಿಸುತ್ತದೆ ಅಂತ ನನಗೆ ಅನ್ನಿಸುತ್ತದೆ.

ಸಿಂಫನಿ ಓದುಗ:
ಈ ಕನ್ಸರ್ಟೋ ನಾನು ಕೇಳಿರಲಿಲ್ಲ. ಈಗ ಕೇಳಿ ಬಂದೆ. ಸಿಂಫನಿಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಕನ್ಸರ್ಟೋದ ಕೊನೆಯ ಭಾಗದಲ್ಲಿ ಬೇರೆಯವರ ನೆರಳಿಲ್ಲ. ಗ್ರೀಗ್‌ಗೆ ಇದನ್ನು ಬರೆಯಲಾಗುತ್ತಿರಲಿಲ್ಲ. ಇದನ್ನು ಯಾಕೆ ನಾಶ ಮಾಡಬೇಕು ಅನ್ನಿಸಿತೋ ಆ ಮನುಷ್ಯರಿಗೆ! ಓದಿ ತುಂಬಾ ಸಂಕಟವಾಯಿತು.

ಹೊಸ ಕೇಳುಗ:
ಇಷ್ಟೆಲ್ಲ ಓದಿದ ಮೇಲೆ ಕೇಳಲೇಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ? ಮಗಳನ್ನೂ ಕೂರಿಸಿಕೊಳ್ಳುತ್ತೇನೆ.

ರಂಗದ ಕಿವಿ:
‘ವೆಸ್ಲೆಮೊಯ್ ಹಾಡು’ ಇಂದ ಶುರು ಮಾಡಿ. ಪಿಟೀಲು, ಪಿಯಾನೋ ಅಷ್ಟೇ. ಚಿಕ್ಕದು. ಅರ್ನೆ ಗಾರ್ಬೋರ್ಗ್ ಬರೆದ ಕಾವ್ಯದ ಹುಡುಗಿ ವೆಸ್ಲೆಮೊಯ್, ಬೇರೆಯವರಿಗೆ ಕಾಣದ್ದು ಅವಳಿಗೆ ಕಾಣುತ್ತದೆ. ಆಮೇಲೆ ಬೋಯಾರರ ಮೆರವಣಿಗೆ, ಮಗಳಿಗೆ ಖಂಡಿತ ಹಿಡಿಸುತ್ತದೆ. ಮೂರನೆಯದು ಪಾಸಕಾಲಿಯಾ, ವಯೋಲಾ ಮೇಡಂ ಹೇಳಿದ ಹಾಗೆ ಎರಡೇ ವಾದ್ಯದ್ದು. ಅದಾದ ಮೇಲೆ ಎರಡು ನಾರ್ವೇಜಿಯನ್ ರಾಪ್ಸೊಡಿಗಳು. ಹಳ್ಳಿಯ ಕುಣಿತದ ಧಾಟಿಗಳನ್ನು ಪೂರ್ತಿ ಆರ್ಕೆಸ್ಟ್ರಾಗೆ ತಂದದ್ದು ಅವು. ಬರ್ಗೆನ್ ಫಿಲ್‌ಹಾರ್ಮೋನಿಕ್ ಜೊತೆ ನೀಮೆ ಯಾರ್ವಿ ಹಾಲ್ವೋರ್ಸೆನ್ ಅವರ ಆರ್ಕೆಸ್ಟ್ರಾ ಕೃತಿಗಳನ್ನು ನಾಲ್ಕು ಸಂಪುಟಗಳಲ್ಲಿ ಧ್ವನಿಮುದ್ರಣ ಮಾಡಿದ್ದಾರೆ. ಹಾಲ್ವೋರ್ಸೆನ್ ಸ್ವತಃ ನುಡಿಸಿ, ನಡೆಸಿದ ಆರ್ಕೆಸ್ಟ್ರಾ ಅದು. ಆ ಸಂಪುಟಗಳು ಸಿಕ್ಕರೆ ಬಿಡಬೇಡಿ.

ಸಿಂಫನಿಗಳನ್ನು ಕೊನೆಗೆ ಇಡಿ. ಮೊದಲನೆಯದರ ನಿಧಾನ ಭಾಗ ಕೇಳಿದ ಮೇಲೆ ಇಲ್ಲಿಗೆ ಬಂದು ಬರೆಯಿರಿ. ಅದರ ಬಗ್ಗೆ ಸಿಂಫನಿ ಓದುಗರ ಜೊತೆ ನನ್ನ ವಾದ ಇನ್ನೂ ಬಾಕಿ ಇದೆ.